ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಫಿಲ್ಟರ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ನನ್ನದು 6 ಗೇರಿನ ಆಟೋಮ್ಯಾಟಿಕ್ ಕಾರು, ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವಂಥದ್ದು. 1,10,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೂ ಬದಲಾಯಿಸಿಲ್ಲ. ಗಾಡಿ ಇರುವಷ್ಟು ಕಾಲ ಅದೇ ಆಯಿಲ್ ಸಾಕು ಎಂದು ಕೈಪಿಡಿಯಲ್ಲಿದೆ. ಒಬ್ಬ ಮೆಕ್ಯಾನಿಕ್ "ಇಷ್ಟು ಓಡಿದ ಮೇಲೆ ಮುಟ್ಟಬೇಡಿ, ಮುಟ್ಟಿದ್ರೆ ಗೇರ್‌ಬಾಕ್ಸ್ ಹೋಗುತ್ತೆ" ಎಂದರು. ಇನ್ನೊಬ್ಬರು ಮಷೀನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಿ ಎಂದರು. ಬೆಳಿಗ್ಗೆ ಮೊದಲ ಸಲ ರಿವರ್ಸ್ ಹಾಕಿದಾಗ ಮಾತ್ರ ಒಂದು ಗಳಿಗೆ ತಡವಾಗಿ ಹಿಡಿಯುತ್ತದೆ, ಆಮೇಲೆ ಎಲ್ಲಾ ಸರಿ. ಎಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆ. ಇದನ್ನೂ ನಾನೇ ಮಾಡಬಹುದಾ?

ಉತ್ತರ: ಮಾಡಬಹುದು. ಎಂಜಿನ್ ಆಯಿಲ್ ಬದಲಾಯಿಸಿ ಅಭ್ಯಾಸ ಇರುವವರಿಗೆ ಬೋಲ್ಟ್ ಬಿಚ್ಚಿ ಹಾಕುವ ಕೆಲಸ ಕಷ್ಟವೇನಲ್ಲ. ಆದರೆ ಎಂಜಿನ್‌ನಲ್ಲಿ ಕಾಲು ಲೀಟರ್ ಹೆಚ್ಚುಕಮ್ಮಿ ಆದರೆ ನಡೆದುಹೋಗುತ್ತದೆ, ಇಲ್ಲಿ ನಡೆಯುವುದಿಲ್ಲ. ಹಳೇ ಆಯಿಲ್ ಇಳಿಸುವುದು ಅರ್ಧ ಗಂಟೆಯ ಮಾತು. ಹೊಸದು ಎಷ್ಟು ಹೋಗಬೇಕು, ಆಯಿಲ್ ಎಷ್ಟು ಬಿಸಿ ಇದ್ದಾಗ ಲೆವೆಲ್ ನೋಡಬೇಕು ಅನ್ನುವುದೇ ಅಸಲಿ ಕೆಲಸ. ಮನೆಯಲ್ಲಿ ಮಾಡಲು ಹೋಗಿ ಕೆಡಿಸಿಕೊಂಡು ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಅಳತೆಯಲ್ಲೇ ಎಡವಿದವರು. ಅದಕ್ಕೇ ಈ ಉತ್ತರದಲ್ಲೂ ಅಳತೆಯ ಭಾಗವನ್ನೇ ಉದ್ದಕ್ಕೆ ಬರೆದಿದ್ದೇನೆ.

ಮೊದಲು ನಿಮಗೆ ಸಿಕ್ಕಿರುವ ಮೂರು ಸಲಹೆಗಳ ವಿಚಾರ ಮುಗಿಸೋಣ.

ಗಾಡಿ ಇರುವಷ್ಟು ಕಾಲ ಬರುವ ಆಯಿಲ್ ಅಂತ ಯಾವುದೂ ಇಲ್ಲ. ಗೇರ್‌ಬಾಕ್ಸ್ ಮಾಡುವ ಜೆಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಎನ್ನುತ್ತದೆ. ಅದೇ ಗೇರ್‌ಬಾಕ್ಸ್ ಹಾಕಿಕೊಂಡ ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಮಾತ್ರ ಬದಲಾಯಿಸುವ ಮಾತೇ ಇರುವುದಿಲ್ಲ. ಆಯಿಲ್ ಅನ್ನು ಹಾಳು ಮಾಡುವುದು ಮುಖ್ಯವಾಗಿ ಬಿಸಿ. ನಿಂತು ನಿಂತು ಸಾಗುವ ಟ್ರಾಫಿಕ್, ಘಟ್ಟದ ರಸ್ತೆ, ಭಾರ ಎಳೆಯುವುದು, ಇವೆಲ್ಲ ಆಯಿಲ್‌ನ ಬಿಸಿ ಏರಿಸುತ್ತವೆ. ಬಿಸಿ ಹೆಚ್ಚಾದಷ್ಟೂ ಅದರ ಆಯಸ್ಸು ಬೇಗ ಬೇಗ ಇಳಿಯುತ್ತದೆ. ಹಾಗಾಗಿ 1,10,000 ಕಿ.ಮೀ. ಆದ ಮೇಲೆ ಬದಲಾಯಿಸಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

"ಮುಟ್ಟಿದರೆ ಹೋಗುತ್ತೆ" ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಗೇರ್‌ಬಾಕ್ಸಿನೊಳಗೆ ಉಕ್ಕಿನ ತೆಳು ಬಿಲ್ಲೆಗಳಿರುತ್ತವೆ. ಅವುಗಳ ಮೈಮೇಲೆ ಕಾಗದದಂಥ ನಾರಿನ ಪದರ ಅಂಟಿಸಿರುತ್ತಾರೆ. ಇವೇ ಕ್ಲಚ್ ಪ್ಲೇಟುಗಳು, ಸದಾ ಆಯಿಲ್‌ನಲ್ಲಿ ನೆನೆದಿರುತ್ತವೆ. ಜನ ಸಾಮಾನ್ಯವಾಗಿ ಆಯಿಲ್ ನೆನಪು ಮಾಡಿಕೊಳ್ಳುವುದು ಗೇರ್ ಜಾರಲು ಶುರುವಾದ ಮೇಲೆ. ಅಷ್ಟರಲ್ಲಿ ಆ ಪದರ ಸವೆದುಹೋಗಿರುತ್ತದೆ. ಹೊಸ ಆಯಿಲ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಸ್ವಲ್ಪ ದಿನದಲ್ಲಿ ಗೇರ್‌ಬಾಕ್ಸ್ ನಿಲ್ಲುತ್ತದೆ, ಅಪವಾದ ಆಯಿಲ್ ಮೇಲೆ ಬರುತ್ತದೆ. ನಿಮ್ಮ ಗಾಡಿ ಜಾರುತ್ತಿಲ್ಲ, ಬರೀ ಬೆಳಿಗ್ಗೆ ಒಂದು ಸಲ ತಡ ಮಾಡುತ್ತಿದೆ. ಇವೆರಡೂ ಬೇರೆ ಬೇರೆ.

ಇನ್ನು ಫ್ಲಶ್. ಒತ್ತಡ ಹಾಕಿ ಹೊಸ ಆಯಿಲ್ ತಳ್ಳುವ ಮಷೀನನ್ನು ಇಷ್ಟು ಓಡಿದ, ಒಮ್ಮೆಯೂ ಹೊಸ ಆಯಿಲ್ ಕಾಣದ ಗೇರ್‌ಬಾಕ್ಸಿಗೆ ನಾನು ಹಾಕುವುದಿಲ್ಲ. ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಸುಮ್ಮನೆ ಕೂತ ಕೆಸರು ಕದಡಿ, ಆಯಿಲ್‌ನ ಒತ್ತಡವನ್ನು ಬೇಕಾದ ಕಡೆಗೆ ಕಳಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಎಷ್ಟೋ ಕಡೆ ಫಿಲ್ಟರನ್ನೂ ಮುಟ್ಟದೆ ಫ್ಲಶ್ ಮಾಡಿ ಕಳಿಸುತ್ತಾರೆ. ನನ್ನ ಸಲಹೆ: ಪ್ಯಾನ್ (ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಇಳಿಸಿ, ಫಿಲ್ಟರ್ ಬದಲಾಯಿಸಿ, ಇಳಿದಷ್ಟೇ ಆಯಿಲ್ ಹಾಕಿ. ಸ್ವಲ್ಪ ಓಡಿಸಿ. ಮತ್ತೆ ಇಳಿಸಿ ಹಾಕಿ.

ಒಂದೇ ಸಲಕ್ಕೆ ಯಾಕೆ ಮುಗಿಯುವುದಿಲ್ಲ ಅಂದರೆ, ಪ್ಲಗ್ ಬಿಚ್ಚಿದರೆ ಇಳಿಯುವುದು ಪ್ಯಾನ್‌ನಲ್ಲಿರುವ ಆಯಿಲ್ ಮಾತ್ರ. ಟಾರ್ಕ್ ಕನ್ವರ್ಟರ್, ಕೂಲರ್, ಪೈಪುಗಳಲ್ಲಿರುವುದು ಅಲ್ಲೇ ಉಳಿಯುತ್ತದೆ. ಒಟ್ಟು 9 ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನಿಂದ 4 ಲೀಟರ್ ಇಳಿಯಿತು ಅಂದುಕೊಳ್ಳಿ. ಮೊದಲ ಸಲಕ್ಕೆ ಹೊಸ ಆಯಿಲ್‌ನ ಪಾಲು ನೂರಕ್ಕೆ 44. ಎರಡನೇ ಸಲಕ್ಕೆ 69. ಮೂರನೇ ಸಲಕ್ಕೆ 83. ಎರಡು ಸಲ ಮಾಡಿದರೆ ಚೆನ್ನಾಗಿಯೇ ಆಗುತ್ತದೆ, ಮೂರು ಸಲ ಮಾಡಿದರೆ ಇನ್ನೂ ಒಳ್ಳೆಯದು. ಪ್ಯಾನ್ ಇಳಿಸಿ ಫಿಲ್ಟರ್ ಹಾಕುವುದು ಒಂದು ಸಲ ಸಾಕು. ಉಳಿದ ಸಲ ಬರೀ ಡ್ರೈನ್ ಪ್ಲಗ್ ಬಿಚ್ಚಿದರಾಯಿತು.

ನಿಮ್ಮ ಬೆಳಗಿನ ತಡದ ವಿಷಯಕ್ಕೆ ಬರೋಣ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕನ್ವರ್ಟರ್‌ನ ಆಯಿಲ್ ಸ್ವಲ್ಪ ಸ್ವಲ್ಪವೇ ಪ್ಯಾನ್‌ಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪು ಅದನ್ನು ಮತ್ತೆ ತುಂಬಿಸಿ ಒತ್ತಡ ಕೊಡುವವರೆಗೆ ಗೇರ್ ಹಿಡಿಯುವುದಿಲ್ಲ. ಲೆವೆಲ್ ಕಮ್ಮಿ ಇದ್ದರೆ, ಫಿಲ್ಟರ್ ಕಟ್ಟಿಕೊಂಡಿದ್ದರೆ, ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿದ್ದರೆ ಆ ತಡ ಇನ್ನೂ ಜಾಸ್ತಿ. ಮೊದಲ ಎರಡು ಕಾರಣಗಳನ್ನು ನೀವು ಸರಿ ಮಾಡಬಹುದು. ಮೂರನೆಯದು ಆಯಿಲ್‌ನಿಂದ ಸರಿಹೋಗುವುದಿಲ್ಲ. ಇನ್ನೊಂದು ಮಾತು. ಈ ಆಯಿಲ್ ಎಂಜಿನ್ ಆಯಿಲ್ ಥರ ಉರಿದು ಕರಗುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಪ್ಯಾನ್‌ನ ಅಂಚು, ಆಕ್ಸಲ್ ಹೊರಬರುವ ಜಾಗ, ಕೂಲರ್ ಪೈಪಿನ ಜೋಡಣೆ, ವೈರ್ ಸಾಕೆಟ್ ಕೂರುವ ಜಾಗ, ಇಷ್ಟನ್ನೂ ಕೆಲಸ ಶುರು ಮಾಡುವ ಮುಂಚೆ ಟಾರ್ಚ್ ಹಾಕಿ ನೋಡಿ.

ಇನ್ನು ಯಾವ ಆಯಿಲ್ ಅನ್ನುವ ಪ್ರಶ್ನೆ. ಈ ಒಂದು ವಿಷಯದಲ್ಲಿ ಹೊಂದಾಣಿಕೆ ಬೇಡ. ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಬರೀ ಸವೆತ ತಡೆಯುವ ಎಣ್ಣೆಯಲ್ಲ. ಅದೇ ಒತ್ತಡ ಸಾಗಿಸುತ್ತದೆ, ಅದೇ ತಂಪು ಮಾಡುತ್ತದೆ, ಅದೇ ಕ್ಲಚ್ ಪ್ಲೇಟುಗಳು ಎಷ್ಟು ಮೆತ್ತಗೆ, ಎಷ್ಟು ಬಿಗಿಯಾಗಿ ಹಿಡಿಯಬೇಕು ಅಂತ ತೀರ್ಮಾನಿಸುತ್ತದೆ. ಜಾರಿಸಬೇಕು, ಆದರೆ ಜಾಸ್ತಿ ಜಾರಿಸಬಾರದು. ಈ ಹದಕ್ಕಾಗಿಯೇ 1970ರ ದಶಕದ ಶುರುವಿನವರೆಗೂ ಎಟಿಎಫ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ತಡೆ ಬಿದ್ದ ಮೇಲೆ ಬದಲಿ ರಾಸಾಯನಿಕ ಹುಡುಕಬೇಕಾಯಿತು. ಈಗ ಪ್ರತಿ ಕಂಪನಿಯ ಹದವೂ ಬೇರೆ. ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಟೊಯೊಟಾ ಡಬ್ಲ್ಯೂಎಸ್, ಎಟಿಎಫ್+4, ಜೆಡ್‌ಎಫ್ ಲೈಫ್‌ಗಾರ್ಡ್, ಇವೆಲ್ಲ ಒಂದರ ಜಾಗದಲ್ಲಿ ಒಂದು ಹಾಕುವಂಥವಲ್ಲ. ಬೇರೆ ಬ್ರ್ಯಾಂಡ್ ಆದರೂ ಪರವಾಗಿಲ್ಲ, ನಿಮ್ಮ ಗಾಡಿಗೆ ಹೇಳಿದ ಸ್ಪೆಸಿಫಿಕೇಷನ್ನಿನ ಹೆಸರು ಡಬ್ಬಿಯ ಮೇಲೆ ಸ್ಪಷ್ಟವಾಗಿ ಇರಬೇಕು. ಕೆಂಪಗಿದ್ದರೆ ಎಲ್ಲಾ ಒಂದೇ ಅಂದುಕೊಳ್ಳಬೇಡಿ. ಆ ಕೆಂಪು ಬರೀ ಬಣ್ಣ, ಸೋರಿದಾಗ ಎಂಜಿನ್ ಆಯಿಲ್‌ಗಿಂತ ಬೇರೆಯಾಗಿ ಗುರುತು ಸಿಗಲಿ ಅಂತ ಹಾಕುವುದು. ಬೆಲ್ಟ್ ಅಥವಾ ಚೈನ್‌ನಿಂದ ನಡೆಯುವ ಸಿವಿಟಿ ಮತ್ತು ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳ ಆಯಿಲ್ ಬೇರೆಯೇ, ಅವುಗಳ ಕೆಲಸದ ಕ್ರಮವೂ ಬೇರೆ. ಇದನ್ನು ಓದುವ ಬೇರೆಯವರ ಗಾಡಿ ಅಂಥದ್ದಾಗಿದ್ದರೆ ಮುಂದಿನದ್ದನ್ನು ಹಾಗೇ ಅನುಸರಿಸಬೇಡಿ.

ಕೆಲಸಕ್ಕೆ ಕೂರುವ ಮುಂಚೆ ನಿಮ್ಮ ಗೇರ್‌ಬಾಕ್ಸಿನ ನಂಬರ್ ಹಿಡಿದು ಸರ್ವಿಸ್ ಮ್ಯಾನ್ಯುಯಲ್‌ನಿಂದ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಆಯಿಲ್‌ನ ಸ್ಪೆಸಿಫಿಕೇಷನ್, ಲೆವೆಲ್ ನೋಡುವ ವಿಧಾನ, ಆಗ ಆಯಿಲ್ ಎಷ್ಟು ಡಿಗ್ರಿ ಇರಬೇಕು, ಪ್ಲಗ್ ಮತ್ತು ಪ್ಯಾನ್ ಬೋಲ್ಟುಗಳ ಟಾರ್ಕ್, ಅಂದರೆ ಎಷ್ಟು ಬಿಗಿ ಮಾಡಬೇಕು ಅನ್ನುವ ಅಳತೆ. ಈ ನಾಲ್ಕರಲ್ಲಿ ಒಂದು ಸಿಗದಿದ್ದರೂ ಬಿಚ್ಚಬೇಡಿ. ಫಿಲ್ಟರ್ ಪ್ಯಾನ್‌ನೊಳಗೇ ಇದೆಯಾ ಅಂತಲೂ ನೋಡಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಅದು ಒಳಗಡೆ ಕೂತಿರುತ್ತದೆ, ಪೂರ್ತಿ ಬಿಚ್ಚದೆ ಕೈಗೆ ಸಿಗುವುದಿಲ್ಲ. ಅಂಥದ್ದಕ್ಕೆ ಆಯಿಲ್ ಮಾತ್ರ ಬದಲಾಯಿಸುವುದು. ಇನ್ನು ಕೆಲವದರಲ್ಲಿ ಪ್ಲಾಸ್ಟಿಕ್ ಪ್ಯಾನ್ ಮತ್ತು ಫಿಲ್ಟರ್ ಒಂದೇ ತುಂಡು, ಪ್ಯಾನನ್ನೇ ಹೊಸದು ಹಾಕಬೇಕು.

ಸಾಮಾನಿನಲ್ಲಿ ಎರಡನ್ನು ಒತ್ತಿ ಹೇಳುತ್ತೇನೆ. ಒಂದು, ಕಮ್ಮಿ ಅಳತೆಯ ಸಣ್ಣ ಟಾರ್ಕ್ ರೆಂಚ್. ವೀಲ್ ನಟ್‌ಗೆ ಬಳಸುವ ದೊಡ್ಡದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ಯಾನ್ ಬೋಲ್ಟುಗಳಿಗೆ ಎಷ್ಟೋ ಗಾಡಿಗಳಲ್ಲಿ 8ರಿಂದ 12 ನ್ಯೂಟನ್ ಮೀಟರ್ ಅಷ್ಟೇ. ಎರಡು, ಗೇರ್‌ಬಾಕ್ಸ್ ಆಯಿಲ್‌ನ ಉಷ್ಣತೆ ತೋರಿಸುವ ಸ್ಕ್ಯಾನರ್. ಗಾಡಿಯ ಕಂಪ್ಯೂಟರ್ ಜೊತೆ ಸಂಪರ್ಕ ಕೊಡುವ ಒಬಿಡಿ ಸಾಕೆಟ್‌ಗೆ ಹಾಕುವ ಸಣ್ಣದಾದರೂ ಸಾಕು, ಆದರೆ ನಿಮ್ಮ ಗಾಡಿಯಲ್ಲಿ ಅದು ಗೇರ್‌ಬಾಕ್ಸಿನ ಉಷ್ಣತೆ ಓದುತ್ತದಾ ಅಂತ ಮೊದಲೇ ಪರೀಕ್ಷಿಸಿ. ಬರೀ ಎಂಜಿನ್ ನೀರಿನ ಉಷ್ಣತೆ ಓದುವಂಥದ್ದು ಬೇಡ. ಉಳಿದಂತೆ ಆಯಿಲ್ ತಳ್ಳುವ ಕೈಪಂಪು, ಅಗಲವಾದ ಟ್ರೇ, ಅಳತೆಯ ಗೆರೆ ಇರುವ ಜಾರ್, ಕೈಗವಸು, ಕನ್ನಡಕ, ಬ್ರೇಕ್ ಕ್ಲೀನರ್, ನಾರು ಬಿಡದ ಬಟ್ಟೆ. ನೂಲು ಬಿಡುವ ಬಟ್ಟೆ ತರಲೇಬೇಡಿ. ಒಂದೆಳೆ ಒಳಗೆ ಹೋದರೂ ವಾಲ್ವ್‌ಗೆ ಸಿಕ್ಕಿಕೊಳ್ಳುತ್ತದೆ.

ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಲೆವೆಲ್ ನೋಡುವಾಗ ಎಂಜಿನ್ ಓಡುತ್ತಿರುತ್ತದೆ, ನೀವು ಗಾಡಿ ಕೆಳಗಿರುತ್ತೀರಿ, ಗೇರ್ ಬದಲಾಯಿಸಬೇಕಾಗುತ್ತದೆ. ಆಗ ಒಳಗೆ ಸೀಟಿನಲ್ಲಿ ಒಬ್ಬರು ಬ್ರೇಕ್ ಒತ್ತಿಕೊಂಡು ಕೂತಿರಲೇಬೇಕು. ಒಬ್ಬರೇ ಮಾಡುವ ಕೆಲಸ ಇದಲ್ಲ.

ಗಾಡಿಯನ್ನು ನಾಲ್ಕೂ ಕಡೆ ಸಮನಾಗಿ ಎತ್ತಬೇಕು. ಮುಂದೆ ಮಾತ್ರ ಎತ್ತಿದರೆ ಆಯಿಲ್ ಹಿಂದಕ್ಕೆ ವಾಲಿ ಲೆವೆಲ್ ಸುಳ್ಳು ತೋರಿಸುತ್ತದೆ. ಗಟ್ಟಿ ನೆಲ, ನಾಲ್ಕು ಸ್ಟ್ಯಾಂಡ್, ಗಾಡಿಯ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ. ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ. ಎತ್ತಿ ನಿಲ್ಲಿಸಿದ ಮೇಲೆ ಎರಡೂ ಕೈಯಿಂದ ಗಾಡಿಯನ್ನು ಅಲುಗಾಡಿಸಿ ನೋಡಿ. ಅಲುಗಾಡಿದರೆ ಇಳಿಸಿ ಮತ್ತೆ ನಿಲ್ಲಿಸಿ.

ಆಯಿಲ್ ಬೆಚ್ಚಗಿರಲಿ, ಸುಡುವಷ್ಟು ಬೇಡ. ದೂರ ಓಡಿಸಿ ಬಂದ ಗಾಡಿಯಲ್ಲಿ ಅದು 80-90 ಡಿಗ್ರಿ ಇರುತ್ತದೆ, ಕೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಹತ್ತು ನಿಮಿಷ ಓಡಿಸಿ, ಸ್ವಲ್ಪ ಆರಲು ಬಿಟ್ಟು ಶುರು ಮಾಡಿ.

ಇಲ್ಲಿ ಒಂದು ನಿಯಮ ಇದೆ, ಯಾವ ಗೇರ್‌ಬಾಕ್ಸ್ ಆದರೂ ಸರಿ: ಆಯಿಲ್ ತುಂಬುವ ಪ್ಲಗ್ ಮೊದಲು ಬಿಚ್ಚಿ, ಇಳಿಸುವ ಪ್ಲಗ್ ಆಮೇಲೆ. ತುಂಬುವ ಪ್ಲಗ್ ವರ್ಷಗಟ್ಟಲೆ ಮುಟ್ಟದೆ ಹಿಡಿದುಕೊಂಡಿರುತ್ತದೆ. ಕೆಳಗಿನದ್ದನ್ನು ಮೊದಲು ಬಿಚ್ಚಿ ಆಯಿಲ್ ಎಲ್ಲಾ ಇಳಿಸಿದ ಮೇಲೆ ಮೇಲಿನದ್ದು ಬಿಚ್ಚಲಿಲ್ಲ ಅಂದರೆ ಗಾಡಿ ನಿಂತಲ್ಲೇ ನಿಂತಿತು, ಓಡಿಸಿಕೊಂಡು ಹೋಗಲೂ ಆಗುವುದಿಲ್ಲ.

ಡ್ರೈನ್ ಪ್ಲಗ್ ಬಿಚ್ಚಿ, ಟ್ರೇಗೆ ಇಳಿಯಲು ಬಿಡಿ. ಕೆಲವು ಗಾಡಿಗಳಲ್ಲಿ ಇದೇ ತೂತಿನೊಳಗೆ ಲೆವೆಲ್ ನೋಡುವ ಸಣ್ಣ ಕೊಳವೆ ನಿಂತಿರುತ್ತದೆ. ಹೊರಗಿನ ಪ್ಲಗ್ ಬಿಚ್ಚಿದಾಗ ಸ್ವಲ್ಪವೇ ಬಂದು ನಿಂತರೆ ಒಳಗೆ ಕೊಳವೆ ಇದೆ ಅಂತ ಅರ್ಥ, ಅದನ್ನೂ ತಿರುಗಿಸಿ ತೆಗೆದರೆ ಉಳಿದದ್ದು ಇಳಿಯುತ್ತದೆ. ವಾಪಸ್ ಹಾಕುವಾಗ ಅದನ್ನು ಮರೆಯಬೇಡಿ. ಡ್ರೈನ್ ಪ್ಲಗ್ಗೇ ಇಲ್ಲದ ಪ್ಯಾನ್ ಆದರೆ ಒಂದು ಮೂಲೆಯ ಎರಡು ಬೋಲ್ಟ್ ಅರ್ಧ ಸಡಿಲ ಮಾಡಿ ಬಿಟ್ಟು ಉಳಿದದ್ದನ್ನು ಬಿಚ್ಚುತ್ತಾ ಬನ್ನಿ. ಪ್ಯಾನ್ ಮೆಲ್ಲಗೆ ಎದುರಿನ ಮೂಲೆಯ ಕಡೆ ವಾಲುತ್ತದೆ, ಆಯಿಲ್ ಅಲ್ಲಿಂದ ಸುರಿಯುತ್ತದೆ. ಅಂಟಿಕೊಂಡಿದ್ದರೆ ಮರದ ತುಂಡಿನಿಂದ ಪಕ್ಕಕ್ಕೆ ತಟ್ಟಿ. ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಬೇಡಿ. ಮೇಲಿನ ಮೈ ಅಲ್ಯೂಮಿನಿಯಂ, ಒಂದು ಗೀರು ಬಿದ್ದರೆ ಅಲ್ಲಿಂದ ಸೋರುತ್ತದೆ.

ಪ್ಯಾನ್ ಕೆಳಗೆ ಬಂದ ಮೇಲೆ ತೊಳೆಯಲು ಅವಸರ ಬೇಡ. ಬೆಳಕಿನಲ್ಲಿ ಇಟ್ಟು ಓದಿ. ನಿಮ್ಮ ಗೇರ್‌ಬಾಕ್ಸ್ ಹೇಗಿದೆ ಅನ್ನುವುದು ಅಲ್ಲಿ ಬರೆದಿರುತ್ತದೆ. ತಳದಲ್ಲಿ ಎರಡೋ ಮೂರೋ ಆಯಸ್ಕಾಂತ ಕೂತಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಮೆತ್ತಿಕೊಂಡಿರುತ್ತದೆ. ಎರಡು ಬೆರಳ ನಡುವೆ ಉಜ್ಜಿ ನೋಡಿ. ಕಾಡಿಗೆಯ ಥರ ನುಣುಪಾಗಿದ್ದರೆ ಭಯ ಇಲ್ಲ, ಇಷ್ಟು ವರ್ಷದ ಮಾಮೂಲಿ ಸವೆತ ಅದು. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ತುಂಡು ಸಿಕ್ಕಿದರೆ ಯಾವುದೋ ಬೇರಿಂಗ್ ಅಥವಾ ಗೇರ್ ಹಲ್ಲು ಹೋಗುತ್ತಿದೆ. ಆಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಕಂಡರೆ ಹಿತ್ತಾಳೆಯದೋ ಕಂಚಿನದೋ ಬುಷ್ ಸವೆಯುತ್ತಿದೆ. ಕಪ್ಪು ನಾರಿನ ಪುಡಿ ಕೆಸರಿನ ಥರ ದಪ್ಪಗೆ ಕೂತಿದ್ದು, ಆಯಿಲ್ ಕಪ್ಪಗೆ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಅದು ಕ್ಲಚ್ ಪದರವೇ. ಆಗ ಹೊಸ ಆಯಿಲ್ ಹಾಕಿ ಮುಚ್ಚಿ, ಆದರೆ ಗುಣವಾಗುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಗೇರ್‌ಬಾಕ್ಸ್ ರಿಪೇರಿ ಬಲ್ಲವರಿಗೆ ತೋರಿಸಿ.

ಆಯಿಲ್ ಕೆಂಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಅಷ್ಟಕ್ಕೇ ಹೆದರಬೇಡಿ, ವಾಸನೆಯೇ ಹೆಚ್ಚು ನಿಜ ಹೇಳುತ್ತದೆ. ಬಣ್ಣಕ್ಕೆ ಹೆದರಬೇಕಾದದ್ದು ಒಂದೇ ಕಡೆ: ಆಯಿಲ್ ಗುಲಾಬಿ ಬಣ್ಣದಲ್ಲಿ, ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ಅದರಲ್ಲಿ ನೀರು ಸೇರಿದೆ. ಹೆಚ್ಚಾಗಿ ರೇಡಿಯೇಟರ್ ಒಳಗಿರುವ ಆಯಿಲ್ ಕೂಲರ್ ಒಡೆದು ಕೂಲೆಂಟ್ ಬಂದಿರುತ್ತದೆ. ಕ್ಲಚ್ ಪದರವನ್ನು ಹಿಡಿದಿರುವ ಅಂಟನ್ನು ಅದು ಬಿಡಿಸಿಬಿಡುತ್ತದೆ. ಆ ಗಾಡಿಯನ್ನು ಓಡಿಸಲೇಬಾರದು.

ಈಗ ಫಿಲ್ಟರ್. ಕೆಲವಕ್ಕೆ ಎರಡು ಮೂರು ಬೋಲ್ಟ್, ಕೆಲವು ಬರೀ ಕುತ್ತಿಗೆಯ ರಬ್ಬರ್ ರಿಂಗಿನ ಬಿಗಿಯಲ್ಲೇ ನಿಂತಿರುತ್ತವೆ. ಎಳೆದಾಗ ಅದರೊಳಗಿನ ಆಯಿಲ್ ಒಮ್ಮೆಗೇ ಸುರಿಯುತ್ತದೆ, ಟ್ರೇ ಕೆಳಗೇ ಇರಲಿ. ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಗಾಡಿಗೆ ಎರಡು ಆಳದ ಪ್ಯಾನ್, ಎರಡು ಥರದ ಫಿಲ್ಟರ್ ಬರುವುದುಂಟು. ಕುತ್ತಿಗೆಯ ಉದ್ದ, ಆಯಿಲ್ ಎಳೆಯುವ ಬಾಯಿ ಎರಡೂ ಸರಿಹೊಂದಬೇಕು.

ಇಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ, ನಿಮಗೆ ಹಾಗಾಗದಿರಲಿ ಅಂತ. ಕೆಲಸ ಕಲಿಯುತ್ತಿದ್ದ ಕಾಲ. ಒಂದು ಗಾಡಿಯ ಹಳೇ ಫಿಲ್ಟರ್ ಎಳೆದೆ, ಹೊಸದರ ಕುತ್ತಿಗೆಗೆ ಹೊಸ ರಿಂಗ್ ಹಾಕಿ ಒತ್ತಿದೆ. ಸ್ವಲ್ಪ ಬಿಗಿ ಅನ್ನಿಸಿತು. ಹೊಸ ರಬ್ಬರ್ ಅಲ್ವಾ, ಹಾಗೇ ಇರುತ್ತದೆ ಅಂದುಕೊಂಡೆ. ಎಲ್ಲಾ ಮುಚ್ಚಿ ಎಂಜಿನ್ ಶುರು ಮಾಡಿದರೆ ಕೆಳಗಿನಿಂದ ಕುಂಯ್ ಅಂತ ಸಣ್ಣ ಕೂಗು. ಗೇರ್ ಹಾಕಿದರೆ ಹಿಡಿಯುತ್ತದೆ, ಬಿಡುತ್ತದೆ. ಮತ್ತೆ ಪ್ಯಾನ್ ಇಳಿಸಿ, ಫಿಲ್ಟರ್ ತೆಗೆದು, ತೂತಿನೊಳಗೆ ಬೆರಳು ಹಾಕಿ ಸುತ್ತ ಸವರಿದೆ. ಹಳೇ ರಿಂಗ್ ಅಲ್ಲೇ ಕೂತಿತ್ತು. ಕಪ್ಪು ತೂತಿನಲ್ಲಿ ಕಪ್ಪು ರಿಂಗ್, ಕಣ್ಣಿಗೆ ಕಾಣಲೇ ಇಲ್ಲ. ಎರಡು ರಿಂಗ್ ಒಂದರ ಮೇಲೊಂದು ಬಂದು ಫಿಲ್ಟರ್ ಪೂರ್ತಿ ಕೂರದೆ ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಇನ್ನೂ ಸ್ವಲ್ಪ ದೂರ ಓಡಿಸಿದ್ದರೆ ಪಂಪೇ ಹೋಗುತ್ತಿತ್ತು. ಅಂದಿನಿಂದ ಹಳೇ ಫಿಲ್ಟರ್ ಕುತ್ತಿಗೆಯಲ್ಲಿ ರಿಂಗ್ ಇದೆಯಾ ಅಂತ ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಅದು ಮೇಲೆಯೇ ಇದೆ. ಮೆತ್ತನೆಯ ಪ್ಲಾಸ್ಟಿಕ್ ಕೊಕ್ಕೆಯಿಂದ ತೆಗೆಯಿರಿ, ತೂತಿನ ಗೋಡೆಗೆ ಗೀರು ಬೀಳಬಾರದು. ಹೊಸ ರಿಂಗಿಗೆ ಹೊಸ ಎಟಿಎಫ್ ಸವರಿ, ಕೈಯಿಂದಲೇ ನೇರಕ್ಕೆ ಒತ್ತಿ. ಕೊನೆಗೆ ಅದು ಕೂತದ್ದು ಅಂಗೈಗೇ ಗೊತ್ತಾಗುತ್ತದೆ.

ಪ್ಯಾನ್ ತೊಳೆಯುವುದು ಸುಲಭ. ಆಯಸ್ಕಾಂತ ಎಲ್ಲೆಲ್ಲಿ ಇದ್ದವು ಅಂತ ಫೋಟೊ ತೆಗೆದುಕೊಳ್ಳಿ, ಒರೆಸಿ ಅಲ್ಲೇ ಇಡಿ. ತಗಡಿನ ಪ್ಯಾನ್ ಆಗಿದ್ದರೆ ಅಂಚಿನ ಬೋಲ್ಟ್ ತೂತುಗಳ ಸುತ್ತ ಕೈಯಾಡಿಸಿ. ಹಿಂದೆ ಯಾರೋ ಬಿಗಿ ಮಾಡಿದ್ದು ಜಾಸ್ತಿಯಾಗಿ ತೂತಿನ ಸುತ್ತ ಗುಳಿ ಬಿದ್ದಿರುತ್ತದೆ. ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ಸಮ ಮಾಡಿ, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ. ರಬ್ಬರ್ ಗ್ಯಾಸ್ಕೆಟ್ ಏನೂ ಹಚ್ಚದೆ ಒಣದಾಗಿಯೇ ಕೂರಬೇಕು. ಅದರ ಮೇಲೆ ಸಿಲಿಕೋನ್ ಹಚ್ಚಿದರೆ ಜಾರಿ ಹೊರಗೆ ಬರುತ್ತದೆ, ಮಿಕ್ಕ ಸಿಲಿಕೋನ್ ಒಳಗೆ ಕಿತ್ತುಕೊಂಡು ಫಿಲ್ಟರ್ ಬಾಯಿಗೆ ಹೋಗುತ್ತದೆ. ಗ್ಯಾಸ್ಕೆಟ್ಟೇ ಇಲ್ಲದೆ ಸಿಲಿಕೋನ್‌ನಲ್ಲೇ ಕೂರಿಸುವ ಪ್ಯಾನ್‌ಗಳೂ ಇವೆ, ಅವಕ್ಕೆ ಮಾತ್ರ ಹಚ್ಚಿ, ಹೇಳಿದಷ್ಟು ಹೊತ್ತು ಒಣಗಲು ಬಿಡಿ.

ಎಲ್ಲಾ ಬೋಲ್ಟನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಿ. ಆಮೇಲೆ ನಡುವಿನಿಂದ ಹೊರಗೆ, ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಕೈಗೆ "ಇನ್ನೂ ಸ್ವಲ್ಪ" ಅನ್ನಿಸುತ್ತದೆ. ಟಾರ್ಕ್ ರೆಂಚ್ ಟಿಕ್ ಅಂದ ಮೇಲೆ ನಿಲ್ಲಿಸಿಬಿಡಿ. ಅಲ್ಯೂಮಿನಿಯಂನಲ್ಲಿ ಮರೆ, ಅಂದರೆ ಬೋಲ್ಟ್ ಹಿಡಿಯುವ ತಿರುಪಿನ ಗೆರೆ, ಕಿತ್ತರೆ ಸರಿ ಮಾಡುವುದು ದೊಡ್ಡ ಕೆಲಸ. ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ.

ಇನ್ನು ಅಳತೆ. ಟ್ರೇಯಲ್ಲಿ ಇಳಿದ ಆಯಿಲ್ ಪೂರ್ತಿ ತಣ್ಣಗಾದ ಮೇಲೆ ಗೆರೆ ಇರುವ ಜಾರಿಗೆ ಸುರಿದು ಅಳೆದು ಬರೆದಿಡಿ. ತಣ್ಣಗಾದ ಮೇಲೆ ಅಂದದ್ದಕ್ಕೆ ಕಾರಣ ಇದೆ. ಆಯಿಲ್ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. 8 ಲೀಟರ್ ಆಯಿಲ್ 20 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಸುಮಾರು ಮೂರನೇ ಒಂದು ಲೀಟರ್‌ನಷ್ಟು ಹೆಚ್ಚಾಗಿ ಕಾಣುತ್ತದೆ. ಅಷ್ಟೂ ಅಳತೆಯ ತಪ್ಪಾಗಿ ಒಳಗೆ ಹೋಗುತ್ತದೆ. ಚೆಲ್ಲಿದ್ದು, ಬಟ್ಟೆಗೆ ಹೋದದ್ದನ್ನೂ ಅಂದಾಜು ಮಾಡಿ ಸೇರಿಸಿ. ಅಷ್ಟೇ ಹೊಸ ಆಯಿಲನ್ನು ಕೈಪಂಪಿನಿಂದ ತುಂಬುವ ತೂತಿಗೆ ತಳ್ಳಿ.

ಆದರೆ ಇಳಿದಷ್ಟೇ ಹಾಕಿದೆ, ಮುಗೀತು ಅನ್ನುವ ಹಾಗಿಲ್ಲ. ಮೊದಲೇ ಲೆವೆಲ್ ಕಮ್ಮಿ ಇದ್ದಿದ್ದರೆ ನೀವೂ ಕಮ್ಮಿಯೇ ಹಾಕಿದಂತೆ. ನಿಮ್ಮ ಬೆಳಗಿನ ತಡಕ್ಕೆ ಅದೇ ಕಾರಣ ಇರಬಹುದು. ಹಾಗಾಗಿ ಕೊನೆಯ ತೀರ್ಪು ಲೆವೆಲ್ ಪ್ಲಗ್ಗಿನದೇ, ಅಂದರೆ ಲೆವೆಲ್ ನೋಡುವ ತೂತಿನ ಪ್ಲಗ್ಗಿನದು.

ಡಿಪ್‌ಸ್ಟಿಕ್, ಅಂದರೆ ಲೆವೆಲ್ ನೋಡುವ ಕಡ್ಡಿ, ಇಲ್ಲದ ಗಾಡಿಗಳಲ್ಲಿ ಹೀಗೆ. ಸ್ಕ್ಯಾನರ್ ಹಾಕಿ, ಎಂಜಿನ್ ಶುರು ಮಾಡಿ. ಸೀಟಿನಲ್ಲಿ ಕೂತವರು ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ ಹೀಗೆ ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ಬರಲಿ. ಇದರಿಂದ ಒಳಗಿನ ದಾರಿಗಳೆಲ್ಲ ತುಂಬುತ್ತವೆ. ಈಗ ಆಯಿಲ್ ಬಿಸಿಯಾಗುತ್ತಾ ಬರುತ್ತದೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಹೇಳಿದ ಡಿಗ್ರಿಗೆ, ತುಂಬಾ ಗಾಡಿಗಳಲ್ಲಿ ಅದು 40ರ ಆಸುಪಾಸು, ಮುಟ್ಟಿದ ಕೂಡಲೇ ಎಂಜಿನ್ ಓಡುತ್ತಿರುವಾಗಲೇ ಲೆವೆಲ್ ಪ್ಲಗ್ ಬಿಚ್ಚಿ. ಎಂಜಿನ್ ನಿಲ್ಲಿಸಿ ನೋಡಿದರೆ ಕನ್ವರ್ಟರ್‌ನ ಆಯಿಲ್ ಕೆಳಗಿಳಿದು ಜಾಸ್ತಿ ಇದೆ ಅಂತ ಸುಳ್ಳು ತೋರಿಸುತ್ತದೆ. ಸೈಲೆನ್ಸರ್ ಪೈಪು ಪಕ್ಕದಲ್ಲೇ ಸುಡುತ್ತಿರುತ್ತದೆ, ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ತೂತಿನಿಂದ ಏನೂ ಬರಲಿಲ್ಲವಾ? ಕಮ್ಮಿ ಇದೆ. ಬರುವವರೆಗೆ ಮೇಲಿನಿಂದ ತಳ್ಳಿ. ದಾರದಂತೆ ಧಾರೆ ಬರುತ್ತಿದೆಯಾ? ಬಿಡಿ, ಹೆಚ್ಚಿದ್ದದ್ದು ಹೋಗಲಿ. ಧಾರೆ ಸಣ್ಣಗಾಗಿ ತೊಟ್ಟಿಕ್ಕಲು ಶುರುವಾದ ಕ್ಷಣವೇ ಸರಿಯಾದ ಲೆವೆಲ್. ಪ್ಲಗ್ ಮುಚ್ಚಿ. ಇದೆಲ್ಲ ಆಗುವಾಗ ಸ್ಕ್ಯಾನರ್ ನೋಡುತ್ತಿರುವವರು ಡಿಗ್ರಿಯನ್ನು ಜೋರಾಗಿ ಹೇಳುತ್ತಾ ಇರಲಿ. ಮಿತಿ ದಾಟಿದರೆ ನಿಲ್ಲಿಸಿ, ಗಾಡಿ ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡಿ. ಬೇಜಾರಾಗುತ್ತದೆ, ಗೊತ್ತು. ಆದರೂ 60 ಡಿಗ್ರಿಯಲ್ಲಿ ಅಳೆದ ಲೆವೆಲ್ ಕಮ್ಮಿ ಲೆವೆಲ್ಲೇ.

ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ಬಿಸಿಯಾಗಿ, ಎಂಜಿನ್ ಓಡುತ್ತಿದ್ದು, ಪಿಯಲ್ಲಿ ನೋಡಬೇಕು. ಹೋಂಡಾದ ಎಷ್ಟೋ ಗಾಡಿಗಳಲ್ಲಿ ಮಾತ್ರ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ, ಒಂದೆರಡು ನಿಮಿಷದೊಳಗೆ ನೋಡುವುದು. ನಿಮ್ಮದು ಯಾವುದು ಅನ್ನುವುದಕ್ಕೆ ಮ್ಯಾನ್ಯುಯಲ್ಲೇ ಕೊನೆ ಮಾತು.

ಹೆಚ್ಚಾದರೆ ಏನಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಒಳಗೆ ತಿರುಗುವ ಭಾಗಗಳು ಆಯಿಲ್‌ನಲ್ಲಿ ಮುಳುಗಿ ಅದನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿ ಗಾಳಿ ಇದೆ, ಗಾಳಿ ಒತ್ತಡ ಹಿಡಿಯುವುದಿಲ್ಲ, ಕ್ಲಚ್ ಜಾರುತ್ತದೆ, ಗಾಳಿ ಹೋಗುವ ತೂತಿನಿಂದ ಆಯಿಲ್ ಹೊರಗೆ ಉಕ್ಕುತ್ತದೆ. ಕಮ್ಮಿಯಾದರೂ ಕೊನೆಗೆ ಅದೇ ಕಥೆ, ಪಂಪು ಗಾಳಿ ಎಳೆಯುತ್ತದೆ. ಅಂದರೆ ಎರಡೂ ತಪ್ಪುಗಳು ಒಂದೇ ರೀತಿ ಕಾಣುತ್ತವೆ, ಗೇರ್ ಜಾರುತ್ತದೆ. ಅದಕ್ಕೇ ಜಾರಿತು ಅಂತ ಅಂದಾಜಿನ ಮೇಲೆ ಇನ್ನಷ್ಟು ಹಾಕಬೇಡಿ, ಮತ್ತೆ ಅಳೆಯಿರಿ.

ಗಾಡಿ ಇಳಿಸಿ, ಮೆಲ್ಲಗೆ ಸ್ವಲ್ಪ ದೂರ ಓಡಿಸಿ ಬಂದು ಪ್ಯಾನ್ ಅಂಚನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಮಾರನೇ ದಿನ ಮತ್ತೆ ನೋಡಿ. ಮೊದಲ ಕೆಲವು ದಿನ ಗೇರ್ ಬೀಳುವ ರೀತಿ ಸ್ವಲ್ಪ ಬೇರೆ ಅನ್ನಿಸಬಹುದು. ಹಳೇ ಆಯಿಲ್‌ಗೆ ಹೊಂದಿಕೊಂಡಿದ್ದ ಕಂಪ್ಯೂಟರ್ ಹೊಸದಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಕೆಲವು ಗಾಡಿಗಳಲ್ಲಿ ಆ ಕಲಿಕೆಯನ್ನು ಸ್ಕ್ಯಾನರ್‌ನಿಂದ ಅಳಿಸಿ ಹೊಸದಾಗಿ ಶುರು ಮಾಡಿಸಬೇಕು, ನಿಮ್ಮ ಮ್ಯಾನ್ಯುಯಲ್‌ನಲ್ಲಿ ಹಾಗಿದ್ದರೆ ಮಾತ್ರ ಮಾಡಿ.

ಹಳೇ ಆಯಿಲ್ ಚರಂಡಿಗೂ ಮಣ್ಣಿಗೂ ಬೇಡ. ಹೊಸ ಆಯಿಲ್ ಬಂದ ಡಬ್ಬಿಗಳಿಗೇ ತುಂಬಿ, ಬೇರೆ ಯಾವುದರ ಜೊತೆಗೂ ಬೆರೆಸದೆ ಹಳೇ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ಅದರಲ್ಲಿ ಒಂದು ಸಣ್ಣ ಗಾಜಿನ ಬಾಟಲಿಯಷ್ಟನ್ನು ಮಾತ್ರ ಎತ್ತಿಟ್ಟುಕೊಳ್ಳಿ, ಮೇಲೆ ತಾರೀಖು ಮತ್ತು ಕಿ.ಮೀ. ಬರೆದು. ಸುಮಾರು ಸಾವಿರ ಕಿ.ಮೀ. ಓಡಿಸಿ ಎರಡನೇ ಸಲ ಇಳಿಸಿದಾಗ ಅದನ್ನು ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ಎರಡನೆಯದು ತಿಳಿಯಾಗಿದ್ದು, ಬೆಳಗಿನ ರಿವರ್ಸ್ ತಡವೂ ಕಮ್ಮಿಯಾಗಿದ್ದರೆ ಇನ್ನೊಂದು ಸಲ ಇಳಿಸಿ ಹಾಕಿ ಮುಗಿಸಿ. ಎರಡನೆಯದೂ ಅಷ್ಟೇ ಕಪ್ಪಾಗಿ, ಸುಟ್ಟ ವಾಸನೆಯಲ್ಲಿ ಬಂದರೆ, ಅಥವಾ ಲೆವೆಲ್ ಸರಿಯಾಗಿದ್ದೂ ತಡ ಹಾಗೇ ಇದ್ದರೆ, ಮೂರನೇ ಸಲದ ಆಯಿಲ್ ಕೊಳ್ಳಬೇಡಿ. ಗೇರ್‌ಬಾಕ್ಸಿನ ಒತ್ತಡ ಅಳೆದು ನೋಡುವವರ ಹತ್ತಿರ ಗಾಡಿ ತೆಗೆದುಕೊಂಡು ಹೋಗಿ, ಎರಡೂ ಬಾಟಲಿ ಜೊತೆಗಿರಲಿ.